ಬೆಳಗಾವಿ ಸೀಮೆ: ರಾಜಕೀಯ ಇತಿಹಾಸ ಮತ್ತು ಜನರ ಅಸ್ಮಿತೆ

ಒಂದು ನಾಡನ್ನು ಯಾರು ಯಾರು ಆಳಿದರು ಎಂಬುದಕ್ಕೂ ಅಲ್ಲಿನ ಜನ ತಮ್ಮನ್ನು ತಾವು ಯಾರೆಂದು ಕರೆದುಕೊಳ್ಳುತ್ತಾರೆ ಎಂಬುದಕ್ಕೂ ಇರುವ ನಂಟನ್ನು ಕಾಣಲು ಕರ್ನಾಟಕದಲ್ಲಿ ಬೆಳಗಾವಿಗಿಂತ ತಕ್ಕ ಜಾಗವಿಲ್ಲ. ಬೆಳಗಾವಿಯ ಕೋಟೆ ಮತ್ತು ಪೇಟೆ, ನಗರದ ದಕ್ಷಿಣ ಭಾಗದ ಶಹಾಪುರ, ವಡಗಾವಿ, ಖಾಸಬಾಗ, ಅದರಾಚೆ ಮಲೆನಾಡಿನ ಸೆರಗಿನಂತಿರುವ ಖಾನಾಪುರ ತಾಲ್ಲೂಕು ಇವೆಲ್ಲ ಸೇರಿದ ಈ ಸೀಮೆಯನ್ನು ಕದಂಬರು, ರಟ್ಟರು, ಸೇವುಣರು, ವಿಜಯನಗರದವರು, ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಮರಾಠರು, ಇಂಗ್ಲಿಷರು ಆಳಿದ್ದಾರೆ. 1956ರಿಂದ ಇದು ಕರ್ನಾಟಕದ ಭಾಗ. ಮಹಾರಾಷ್ಟ್ರ ಇಂದಿಗೂ ಇದರ ಮೇಲೆ ಹಕ್ಕು ಹೇಳುತ್ತಿದೆ.

ಅರಸರ ಪಟ್ಟಿಯೊಂದರಿಂದಲೇ ಅಸ್ಮಿತೆ ಹುಟ್ಟುವುದಿಲ್ಲ. ಇಲ್ಲಿ ರಾಜ್ಯಗಳು ಬದಲಾದಾಗ ಮನೆಯ ಮಾತು ಬದಲಾಗಲಿಲ್ಲ. ಬದಲಾದದ್ದು ಕಚೇರಿಯ ಲೆಕ್ಕದ ಭಾಷೆ, ಶಾಲೆಯಲ್ಲಿ ಮಗ್ಗಿ ಹೇಳಿಕೊಡುವ ಭಾಷೆ, ಕೊನೆಗೆ ನಕಾಶೆಯ ಮೇಲಿನ ಗೆರೆ. ‘ನಾವು’ ಮತ್ತು ‘ಅವರು’ ಎಂಬ ವಿಂಗಡಣೆ ಬೆಳೆದದ್ದು ಇವುಗಳಿಂದ. ಹಾಡು, ಆಟ, ಜಾತ್ರೆ, ಮಗ್ಗ ಇವು ಬಹುಕಾಲ ಆ ವಿಂಗಡಣೆಯ ಹೊರಗೇ ಉಳಿದವು, ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇವೆ. ಬೆಳಗಾವಿಯ ಚರಿತ್ರೆಯನ್ನು ಈ ಎರಡು ಎಳೆಗಳನ್ನು ಜೊತೆಗಿಟ್ಟುಕೊಂಡೇ ಓದಬೇಕು.

ಪಲಾಶಿಕೆಯಿಂದ ವೇಣುಗ್ರಾಮಕ್ಕೆ

ಖಾನಾಪುರ ತಾಲ್ಲೂಕಿನ ಹಲಸಿ ಬನವಾಸಿ ಕದಂಬರ ಎರಡನೆಯ ರಾಜಧಾನಿ. ಅಂದಿನ ಹೆಸರು ಪಲಾಶಿಕಾ. ಇಲ್ಲಿ ಸಿಕ್ಕ ತಾಮ್ರಪಟಗಳು ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮರ ಕಾಲದ ದಾನಗಳನ್ನು, ಅದರಲ್ಲೂ ಜೈನ ಸಂಘಗಳಿಗೆ ಕೊಟ್ಟ ಭೂಮಿಯನ್ನು ಹೇಳುತ್ತವೆ. ಅವುಗಳ ಭಾಷೆ ಸಂಸ್ಕೃತ. ಕೆಲವು ಶತಮಾನಗಳ ಬಳಿಕ ಗೋವೆಯ ಕದಂಬರು ಅದೇ ಊರನ್ನು ಆಳಿದರು. ಅವರ ಕಾಲದ ಭೂವರಾಹ ನರಸಿಂಹ ದೇವಾಲಯದಲ್ಲಿ 12ನೇ ಶತಮಾನದ ಶಾಸನವಿದೆ. ಇಂದು ಹಲಸಿಯ ಸುತ್ತಲಿನ ಹಳ್ಳಿಗಳಲ್ಲಿ ಮರಾಠಿಯೇ ಹೆಚ್ಚು ಕೇಳಿಸುತ್ತದೆ. ಕನ್ನಡದ ಮೊದಲ ರಾಜವಂಶದ ಊರು ಮರಾಠಿ ಮಾತಿನ ನಡುವೆ ನಿಂತಿರುವುದು ಕೆಲವರಿಗೆ ಅಚ್ಚರಿ, ಕೆಲವರಿಗೆ ವಾದದ ಸರಕು. ಆದರೆ ಆ ಕಾಲದ ಅರಸರು ಪ್ರಜೆಗಳ ತಾಯಿನುಡಿಯನ್ನು ಲೆಕ್ಕ ಹಾಕಿ ರಾಜ್ಯ ಕಟ್ಟಿದವರಲ್ಲ. ಕಂದಾಯ, ಕಣಿವೆ ದಾರಿ, ಕರಾವಳಿಯ ವ್ಯಾಪಾರ ಇವು ಅವರ ಲೆಕ್ಕಕ್ಕೆ ಬಂದವು.

ಸವದತ್ತಿಯ ರಟ್ಟರು 13ನೇ ಶತಮಾನದ ಆರಂಭದಲ್ಲಿ ತಮ್ಮ ನೆಲೆಯನ್ನು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ತಂದರು. ಕೋಟೆಯೊಳಗಿನ ಕಮಲ ಬಸದಿ ನಾಲ್ಮಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಅದರ ಮಂಟಪದ ಚಾವಣಿಯಿಂದ ಕೆಳಮುಖವಾಗಿ ಅರಳಿರುವ ಕಲ್ಲಿನ ಕಮಲವನ್ನು ನೋಡಲೆಂದೇ ಜನ ಇವತ್ತಿಗೂ ಬರುತ್ತಾರೆ. ಆ ವರ್ಷದ ಎರಡು ಕನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಸದಿಯ ಆಚಾರ್ಯ ಶುಭಚಂದ್ರ ಭಟ್ಟಾರಕರಿಗೆ ಕೊಟ್ಟ ದಾನದ ಜೊತೆಗೆ, ವರ್ತಕ ಸಂಘಗಳು ತಮ್ಮ ಸರಕಿನ ಮೇಲೆ ಒಪ್ಪಿಕೊಂಡ ಕಾಣಿಕೆಗಳನ್ನೂ ಅವು ದಾಖಲಿಸುತ್ತವೆ. ಆ ವರ್ತಕರಲ್ಲಿ ಗುಜರಾತದ ಕಡೆಯ ಲಾಳರೂ ಮಲೆಯಾಳದವರೂ ಇದ್ದಾರೆ. ಎಂಟು ಶತಮಾನದ ಹಿಂದೆಯೇ ಬೆಳಗಾವಿಯ ಪೇಟೆಯಲ್ಲಿ ಹಲವು ನುಡಿಗಳು ಕೇಳುತ್ತಿದ್ದವು, ಒಪ್ಪಂದ ಬರೆಯುವ ಭಾಷೆ ಮಾತ್ರ ಕನ್ನಡವಾಗಿತ್ತು.

ರಟ್ಟರ ನಂತರ ಬಂದ ದೇವಗಿರಿಯ ಸೇವುಣರನ್ನು ಇಂದಿನ ಗಡಿವಾದದಲ್ಲಿ ಎರಡೂ ಕಡೆಯವರು ತಮ್ಮವರೆನ್ನುತ್ತಾರೆ. ಎರಡು ಮಾತಿಗೂ ಆಧಾರವಿದೆ. ಅವರ ಶಾಸನಗಳಲ್ಲಿ ಬಹಳಷ್ಟು ಕನ್ನಡದಲ್ಲಿವೆ. ಮರಾಠಿಯ ಆದಿಕೃತಿಗಳಲ್ಲಿ ಮುಖ್ಯವಾದ ‘ಜ್ಞಾನೇಶ್ವರಿ’ ಹುಟ್ಟಿದ್ದೂ ಅವರ ರಾಜ್ಯದಲ್ಲೇ.

ಕೋಟೆ ಕೈ ಬದಲಾದ ಕಾಲ

15ನೇ ಶತಮಾನದ ಎಪ್ಪತ್ತರ ದಶಕದಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಬೆಳಗಾವಿ ಕೋಟೆಯನ್ನು ಗೆದ್ದ. ನಂತರ ಅದು ಬಿಜಾಪುರದ ಆದಿಲಶಾಹಿಗಳಿಗೆ ಹೋಯಿತು. ಅವರ ಸರದಾರ ಅಸದ್ ಖಾನ್ ಲಾರಿಯ ಹೆಸರು ಕೋಟೆಯ ಸಫಾ ಮಸೀದಿಯೊಂದಿಗೆ ಬೆಸೆದುಕೊಂಡಿದೆ. ಆ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ಹಳೆಯ ಕನ್ನಡ ಶಾಸನಗಳಿವೆ. ಒಂದು 1199ರ ರಟ್ಟರ ಕಾಲದ್ದು, ನಾಗರಿ ಲಿಪಿಯಲ್ಲಿದೆ. ಇನ್ನೊಂದು 1261ರ ಸೇವುಣ ಕೃಷ್ಣನ ಕಾಲದ್ದು. ಒಂದೇ ಕಟ್ಟಡದಲ್ಲಿ ಮೂರು ಆಳ್ವಿಕೆಗಳ ಗುರುತು ಇಷ್ಟು ಹತ್ತಿರದಲ್ಲಿ ಸಿಗುವುದು ಅಪರೂಪ.

ಆದಿಲಶಾಹಿ ಮತ್ತು ಮರಾಠರ ಆಡಳಿತ ಇಲ್ಲಿನ ಜನರಿಗೆ ಬಿಟ್ಟುಹೋದ ದೊಡ್ಡ ಗುರುತು ಅಡ್ಡಹೆಸರು. ಊರಿನ ಮುಖ್ಯಸ್ಥ ಪಾಟೀಲ, ಊರಿನ ಲೆಕ್ಕದವನು ಕುಲಕರ್ಣಿ, ಪರಗಣೆಯ ವಸೂಲಿ ನೋಡುವವನು ದೇಸಾಯಿ, ಪರಗಣೆಯ ಲೆಕ್ಕ ಬರೆಯುವವನು ದೇಶಪಾಂಡೆ. ಇವು ಮೊದಲು ಹುದ್ದೆಗಳು. ಆಮೇಲೆ ವಂಶಪರಂಪರೆಯ ವತನಗಳಾದವು. ವತನ ಹೋದ ಮೇಲೆ ಮನೆತನದ ಹೆಸರಾಗಿ ನಿಂತವು. ಹೀಗಾಗಿ ಬೆಳಗಾವಿಯ ಯಾವುದೇ ಓಣಿಯಲ್ಲಿ ಬಾಗಿಲ ಮೇಲೆ ‘ಪಾಟೀಲ’ ಎಂದು ಕಂಡರೆ ಮನೆಯವರು ಕನ್ನಡದವರೋ ಮರಾಠಿಯವರೋ, ಲಿಂಗಾಯತರೋ ಜೈನರೋ ಮರಾಠರೋ ಹೇಳಲಾಗದು. ಮುಸ್ಲಿಂ ಪಾಟೀಲರೂ ಇದ್ದಾರೆ. ಹುದ್ದೆಯನ್ನು ಕೊಟ್ಟ ರಾಜ್ಯ ಮಣ್ಣಾಗಿ ಎಷ್ಟೋ ಕಾಲವಾದರೂ ಅದು ಕೊಟ್ಟ ಹೆಸರು ಮತಪಟ್ಟಿಯಲ್ಲಿ, ಲಗ್ನಪತ್ರಿಕೆಯಲ್ಲಿ, ಅಂಗಡಿಯ ಫಲಕದಲ್ಲಿ ಉಳಿದಿದೆ.

ಶಿವಾಜಿಯ ನೆನಪೂ ಇಲ್ಲಿ ಒಂದೇ ಬಗೆಯದಲ್ಲ. 1678ರ ಹೊತ್ತಿಗೆ ದಕ್ಷಿಣದ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಅವನ ಸೈನ್ಯವನ್ನು ಬೈಲಹೊಂಗಲ ಸೀಮೆಯ ಬೆಳವಡಿಯಲ್ಲಿ ರಾಣಿ ಮಲ್ಲಮ್ಮ ಎದುರಿಸಿದಳು. ಒಬ್ಬ ಹೆಣ್ಣುಮಗಳು ಶಿವಾಜಿಯ ಸೈನ್ಯವನ್ನು ತಡೆದು ನಿಲ್ಲಿಸಿದ ಸುದ್ದಿ ಅಂದಿನ ಇಂಗ್ಲಿಷ್ ವರ್ತಕರ ಪತ್ರವೊಂದರಲ್ಲೂ ಇದೆ. ಧಾರವಾಡದ ಬಳಿಯ ಯಾದವಾಡದ ಶಿಲ್ಪದಲ್ಲಿ ಶಿವಾಜಿ ಮಗುವೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲೂಡಿಸುವ ದೃಶ್ಯವಿದೆ. ಅದು ಮಲ್ಲಮ್ಮನ ಮಗುವೆಂದು ಜನ ಹೇಳುತ್ತಾರೆ. ಎದುರಾಳಿಗಳಾಗಿ ನಿಂತು ಕಡೆಗೆ ಪರಸ್ಪರ ಗೌರವ ಕೊಟ್ಟ ಇಬ್ಬರ ಕತೆಯಾಗಿ ಈ ಘಟನೆ ಹಳ್ಳಿಗಳಲ್ಲಿ ಉಳಿಯಿತು. ಇಂದಿನ ಮೆರವಣಿಗೆಗಳು ಈ ಕತೆಯನ್ನು ಹೆಚ್ಚಾಗಿ ನೆನೆಯದಿರುವುದು ದೊಡ್ಡ ನಷ್ಟ.

1818, ಕಿತ್ತೂರು, ನಂದಗಡ

1818ರಲ್ಲಿ ಜನರಲ್ ಮನ್ರೋ ಮುತ್ತಿಗೆ ಹಾಕಿ ಬೆಳಗಾವಿ ಕೋಟೆಯನ್ನು ಪೇಶ್ವೆಯವರಿಂದ ಕಸಿದುಕೊಂಡ. ಆ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿ ಇಂಗ್ಲಿಷರ ಕಡೆಗಿದ್ದ. ಆರು ವರ್ಷದ ನಂತರ ಅದೇ ಕಿತ್ತೂರು ದತ್ತು ಮಗನ ಹಕ್ಕಿನ ಪ್ರಶ್ನೆಯಲ್ಲಿ ಇಂಗ್ಲಿಷರ ವಿರುದ್ಧ ಎದ್ದಿತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚನ್ನಮ್ಮ 1829ರ ಫೆಬ್ರವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿ ಸಿಕ್ಕಿಬಿದ್ದ. ಅವನನ್ನು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು.

ನಂದಗಡದ ರಾಯಣ್ಣನ ಸಮಾಧಿಯ ಬಳಿ ಆಲದ ಮರವಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದರ ಕೊಂಬೆಗೆ ಸಣ್ಣ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಹರಕೆಯ ಮಾತು. ನಂದಗಡ ಬಹುಕಾಲದಿಂದ ಮರಾಠಿ ಕನ್ನಡ ಎರಡೂ ಬೆರೆತ ಊರು, ಮಹಾರಾಷ್ಟ್ರ ಕೇಳುವ ಊರುಗಳಲ್ಲೂ ಒಂದು. ಆದರೂ ಕೊಂಬೆಗೆ ತೊಟ್ಟಿಲು ಕಟ್ಟುವ ತಾಯಿಗೆ ಯಾರೂ ಮನೆಮಾತು ಕೇಳುವುದಿಲ್ಲ. ರಾಜಕೀಯ ಇತಿಹಾಸವು ಜನರ ನಂಬಿಕೆಯೊಳಗೆ ಇಳಿದ ಮೇಲೆ ಪಡೆಯುವ ರೂಪ ಇಲ್ಲಿ ಕಣ್ಣೆದುರಿಗಿದೆ.

ಜಹಗೀರಿನ ನೆರಳಲ್ಲಿ ಖಾಸಬಾಗ

ಪೇಶ್ವೆ ಆಳ್ವಿಕೆ ಮುಗಿದರೂ ಅದರ ಜಹಗೀರುಗಳು ಮುಗಿಯಲಿಲ್ಲ. ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿಯ ಪಟವರ್ಧನರು, ರಾಮದುರ್ಗದ ಭಾವೆಯವರು, ಮುಧೋಳದ ಘೋರ್ಪಡೆಯವರು, ಕೊಲ್ಲಾಪುರದ ಛತ್ರಪತಿಗಳು ಇಂಗ್ಲಿಷರ ಅಡಿಯಲ್ಲಿ ಸಂಸ್ಥಾನಿಕರಾಗಿ ಮುಂದುವರಿದರು. ಇಂಗ್ಲಿಷರ ಬೆಳಗಾವಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1836ರಲ್ಲಿ. ಅದರ ನಡುನಡುವೆಯೇ ಸಂಸ್ಥಾನಗಳ ತುಂಡುಗಳಿದ್ದವು. ಬೆಳಗಾವಿ ಪೇಟೆಗೆ ಅಂಟಿಕೊಂಡಿದ್ದ ಶಹಾಪುರ 1948ರವರೆಗೂ ಸಾಂಗಲಿ ಸಂಸ್ಥಾನದ್ದು. ನಾಲ್ಕು ಹೆಜ್ಜೆ ದಾಟಿದರೆ ಕಾಯಿದೆ ಬೇರೆ, ಕಂದಾಯ ಬೇರೆ, ದೊರೆ ಬೇರೆ.

ಆ ಶಹಾಪುರದ ಸುತ್ತಲೇ ನೇಕಾರಿಕೆ ಬೆಳೆಯಿತು. ಶಹಾಪುರದ ಸೀರೆ ಎಂದರೆ ಉತ್ತರ ಕರ್ನಾಟಕದಲ್ಲೂ ದಕ್ಷಿಣ ಮಹಾರಾಷ್ಟ್ರದಲ್ಲೂ ಹೆಸರು. ಖಾಸಬಾಗ ಮತ್ತು ವಡಗಾವಿಯ ಓಣಿಗಳಲ್ಲಿ ಕೈಮಗ್ಗದ ಜಾಗಕ್ಕೆ ಈಗ ವಿದ್ಯುತ್ ಮಗ್ಗ ಬಂದಿದೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬೆಳಗಿನಿಂದ ಲಾಳಿಯ ಖಟಖಟ ಸದ್ದು, ಅದರ ಪಕ್ಕದಲ್ಲೇ ಒಲೆ, ಮಕ್ಕಳ ಪುಸ್ತಕದ ಚೀಲ. ನೂಲು ಹೆಚ್ಚಾಗಿ ಹೊರರಾಜ್ಯದಿಂದ ಬರುತ್ತದೆ. ನೇಯ್ದ ಸೀರೆಗೆ ಮಹಾರಾಷ್ಟ್ರದ ಪೇಟೆ ಬೇಕು. ವಿದ್ಯುತ್ತಿನ ರಿಯಾಯಿತಿ ಬೆಂಗಳೂರಿನಿಂದ ಬರಬೇಕು. ಮನೆಯಲ್ಲಿ ಕನ್ನಡ ಆಡುವವನು ವ್ಯಾಪಾರಿಯೊಡನೆ ಮರಾಠಿಯಲ್ಲಿ ದರ ಮಾತಾಡುತ್ತಾನೆ. ಅವನ ಮರಾಠಿಗೂ ಪಕ್ಕದ ಮನೆಯವರ ಕನ್ನಡಕ್ಕೂ ಒಂದೇ ರಾಗ. ಗಡಿ ಗಲಾಟೆಯಾಗಿ ಬಸ್ಸು ನಿಂತ ದಿನ ಈ ಓಣಿಗಳಲ್ಲಿ ಸೀರೆಯ ಗಂಟು ಮನೆಯಲ್ಲೇ ಉಳಿಯುತ್ತದೆ. ಗಡಿಯ ಪ್ರಶ್ನೆಯನ್ನು ಭಾವನೆಯ ಪ್ರಶ್ನೆಯೆಂದು ಮಾತ್ರ ನೋಡುವವರು ಖಾಸಬಾಗಕ್ಕೆ ಬಂದು ಒಬ್ಬ ನೇಕಾರನ ಲೆಕ್ಕದ ವಹಿ ನೋಡಬೇಕು. ಆಷಾಢದಲ್ಲಿ ನಡೆಯುವ ವಡಗಾವಿಯ ಮಂಗಾಯಿ ದೇವಿಯ ಜಾತ್ರೆಗೆ ಈ ಎಲ್ಲ ಓಣಿಗಳ ಜನ, ಎರಡೂ ಮಾತಿನವರು, ಉಡಿ ತುಂಬಲು ಹೋಗುತ್ತಾರೆ.

ಶಾಲೆ ಮತ್ತು ಕಚೇರಿ

ಇಂಗ್ಲಿಷರು ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಕನ್ನಡ ಜಿಲ್ಲೆಗಳನ್ನು ‘ದಕ್ಷಿಣ ಮರಾಠಾ ದೇಶ’ ಎಂದು ಕರೆದರು. ಮರಾಠ ಸರದಾರರ ಕೈಯಿಂದ ಬಂದ ನೆಲ ಎಂಬುದಷ್ಟೇ ಆ ಹೆಸರಿಗೆ ಕಾರಣ. ಆದರೆ ಹೆಸರಿನ ಹಿಂದೆಯೇ ಆಡಳಿತ ಬಂತು. ಕಚೇರಿಯ ದಫ್ತರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಸರ್ಕಾರ ತೆರೆದ ಶಾಲೆಗಳೂ ಮರಾಠಿಯವು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿತರು. ಓದುಬರಹ ಎಂದರೆ ಮರಾಠಿ, ಕನ್ನಡ ಎಂದರೆ ಹೊಲಮನೆಯ ಮಾತು ಎಂಬ ತಾರತಮ್ಯ ಒಂದೆರಡು ತಲೆಮಾರಿನಲ್ಲಿ ಬೇರೂರಿತು. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಅಸ್ಮಿತೆಯ ಇತಿಹಾಸದಲ್ಲಿ ಯಾವ ಯುದ್ಧಕ್ಕಿಂತಲೂ ದೊಡ್ಡ ಘಟನೆ ಇದು.

ಇದನ್ನು ತಿರುಗಿಸಿದವರಲ್ಲಿ ಇಬ್ಬರ ಹೆಸರು ಮೊದಲು ಬರಬೇಕು. ಇಂಗ್ಲಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಧಾರವಾಡದಲ್ಲಿ ಕನ್ನಡ ಶಾಲೆಗೆ ನಾಂದಿ ಹಾಕಿದ. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯೊಳಗಿದ್ದುಕೊಂಡೇ ಹಳ್ಳಿಹಳ್ಳಿಯ ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಂದರು, ಶಿಕ್ಷಕರನ್ನು ತಯಾರು ಮಾಡಿದರು. 1881ರಲ್ಲಿ ಅವರು ತೀರಿಕೊಂಡದ್ದು ಬೆಳಗಾವಿಯಲ್ಲೇ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಶಿರಸಂಗಿ ಲಿಂಗರಾಜ ದೇಸಾಯರು ಬಿಟ್ಟುಹೋದ ಆಸ್ತಿ ಬಡ ವಿದ್ಯಾರ್ಥಿಗಳ ಪಾಲಿಗೆ ಒದಗಿತು. 1933ರ ಲಿಂಗರಾಜ ಕಾಲೇಜು ಅವರ ಹೆಸರಿನದು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿ ಹುಡುಗರೇ ಮುಂದೆ ಕನ್ನಡದ ಶಿಕ್ಷಕರು, ವಕೀಲರು, ಕಾರ್ಯಕರ್ತರಾದರು. ಕೋಟೆ ಗೆದ್ದವರಿಗಿಂತ ಹೆಚ್ಚಾಗಿ ಈ ಊಟದ ಸಾಲುಗಳು ಬೆಳಗಾವಿಯ ಕನ್ನಡವನ್ನು ಉಳಿಸಿದವು.

ಮರಾಠಿಯ ಬಾಳುವೆಯೂ ಇಲ್ಲಿ ಆಳವಾದದ್ದು. 1919ರಲ್ಲಿ ಬಾಬುರಾವ ಠಾಕೂರರು ಆರಂಭಿಸಿದ ‘ತರುಣ ಭಾರತ’ ಇಂದಿಗೂ ನಡೆಯುತ್ತಿದೆ. ಕವಯಿತ್ರಿ ಇಂದಿರಾ ಸಂತ ಬೆಳಗಾವಿಯಲ್ಲಿ ಬಾಳಿ ಬರೆದವರು. ಅವರ ಮಗ ಪ್ರಕಾಶ ನಾರಾಯಣ ಸಂತರ ಕತೆಗಳಲ್ಲಿ ಬರುವ ಬಾಲಕ ಲಂಪನನ ಊರಿನಲ್ಲಿ ಕನ್ನಡದ ಸದ್ದು ತುಂಬಿದೆ. ಪು. ಲ. ದೇಶಪಾಂಡೆಯವರು ಇಲ್ಲಿನ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದ್ದರು. ಕನ್ನಡದ ಧಾಟಿಯಲ್ಲಿ ಮರಾಠಿ ಮಾತಾಡುವ ಬೆಳಗಾವಿಯ ರಾವಸಾಹೇಬರ ಬಗ್ಗೆ ಅವರು ಬರೆದ ವ್ಯಕ್ತಿಚಿತ್ರ ಮರಾಠಿ ಓದುಗರಿಗೆಲ್ಲ ಬಾಯಿಪಾಠ.

ರಂಗ ಮತ್ತು ರಾಗ

ಸಂಸ್ಕೃತಿ ಗಡಿಯನ್ನು ಹೇಗೆ ದಾಟುತ್ತದೆ ಎಂಬುದಕ್ಕೆ ರಂಗಭೂಮಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಉತ್ತರ ಕನ್ನಡದ ಯಕ್ಷಗಾನ ಮೇಳವೊಂದು ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನ ಅಂಥದೇ ಆಟ ಮರಾಠಿಯಲ್ಲೂ ಬೇಕೆಂದ. ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಈ ಚಿಂತಾಮಣರಾವನೇ ಶಹಾಪುರಕ್ಕೂ ದೊರೆ.

ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲೇ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಎಂದರೆ ಅಣ್ಣಾಸಾಹೇಬ ಕಿರ್ಲೋಸ್ಕರರು, ಕನ್ನಡ ಮಾತಿನ ನಡುವೆ ಬೆಳೆದವರು. ಕನ್ನಡದ ಆಟಗಳ ಮಟ್ಟುಗಳು ಅವರ ಕಿವಿಯಲ್ಲಿದ್ದವು. 1880ರಲ್ಲಿ ಪುಣೆಯಲ್ಲಿ ಅವರು ಆಡಿಸಿದ ‘ಸಂಗೀತ ಶಾಕುಂತಲ’ ಮರಾಠಿ ಸಂಗೀತ ನಾಟಕದ ಯುಗವನ್ನೇ ತೆರೆಯಿತು. ಅದಕ್ಕೂ ಮೊದಲಿನಿಂದಲೇ ಮರಾಠಿ ನಾಟಕ ಕಂಪನಿಗಳು ಹುಬ್ಬಳ್ಳಿ, ಗದಗ, ಬೆಳಗಾವಿಗಳಲ್ಲಿ ಮೊಕ್ಕಾಂ ಮಾಡಿ ಕನ್ನಡಿಗರನ್ನೂ ಮರುಳುಮಾಡಿದವು. ಕನ್ನಡದ ಊರುಗಳಲ್ಲಿ ಕನ್ನಡ ನಾಟಕವೇ ಇಲ್ಲವೆಂಬ ಕೊರಗು ಶಾಂತಕವಿಗಳನ್ನು ಎಬ್ಬಿಸಿತು. 1870ರ ದಶಕದಲ್ಲಿ ಗದಗದಲ್ಲಿ ಅವರು ನಾಟಕ ಮಂಡಳಿ ಕಟ್ಟಿದರು. ಗೋಕಾಕ ಬಳಿಯ ಕೊಣ್ಣೂರಿನ ಶಿವಮೂರ್ತಿಸ್ವಾಮಿ ಕಣಬರ್ಗಿಮಠರ ಕಂಪನಿ ಆ ದಾರಿಯಲ್ಲಿ ಮುಂದೆ ಬಂದದ್ದು. ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಮತ್ತೆ ಕನ್ನಡಕ್ಕೆ ಹೀಗೆ ಸುತ್ತಿ ಬಂದ ಕಲೆಯಲ್ಲಿ ಯಾರ ಪಾಲು ಎಷ್ಟೆಂದು ಅಳೆಯಲು ಹೊರಡುವುದೇ ತಪ್ಪು.

ಸಂಗೀತದ ಮಾತೂ ಅದೇ. ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ಕಲಿತು, ದೇವಾಸದಲ್ಲಿ ನೆಲೆಸಿ, ಕಬೀರನ ನಿರ್ಗುಣ ಪದಗಳನ್ನು ದೇಶಕ್ಕೆಲ್ಲ ಕೇಳಿಸಿದ ಅವರೇ ಕುಮಾರ ಗಂಧರ್ವ. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಭಕ್ತಿಯ ದಾರಿಗಳೂ ಗಡಿಯನ್ನು ಕೇಳಿ ಹೊರಡುವುದಿಲ್ಲ. ಸವದತ್ತಿಯ ಎಲ್ಲಮ್ಮನಿಗೆ ಕೊಲ್ಲಾಪುರ, ಸಾಂಗಲಿಯ ಭಕ್ತರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು, ಈಗ ಟ್ರ್ಯಾಕ್ಟರಿನಲ್ಲಿ ಬರುತ್ತಾರೆ. ಖಾನಾಪುರದ ವಾರಕರಿಗಳು ಪಂಢರಪುರಕ್ಕೆ ನಡೆಯುತ್ತಾರೆ. ಅಲ್ಲಿನ ವಿಠ್ಠಲನನ್ನು ಜ್ಞಾನೇಶ್ವರರ ಅಭಂಗವೊಂದು ಕರ್ನಾಟಕದವನೆಂದೇ ಕರೆಯುತ್ತದೆ.

1924ರಿಂದ 1956

ಬೆಳಗಾವಿಯ ರಾಷ್ಟ್ರೀಯತೆಗೆ ಮೊದಲ ಗುರು ಟಿಳಕ. 1916ರ ಏಪ್ರಿಲಿನಲ್ಲಿ ಅವರು ಹೋಂ ರೂಲ್ ಲೀಗನ್ನು ಸ್ಥಾಪಿಸಿದ್ದು ಇದೇ ಊರಿನಲ್ಲಿ. ಅವರ ಶಿಷ್ಯ ಹುದಲಿಯ ಗಂಗಾಧರರಾವ ದೇಶಪಾಂಡೆಯವರ ಮನೆಮಾತು ಮರಾಠಿ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗೊಂದು ಪ್ರಾಂತ ಸಮಿತಿ ಎಂಬ ತತ್ವವನ್ನು ಒಪ್ಪಿದ ಮೇಲೆ ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿಗೆ ಅವರೇ ಮೊದಲ ಅಧ್ಯಕ್ಷರಾದರು, ಕರ್ನಾಟಕ ಸಿಂಹ ಎನಿಸಿಕೊಂಡರು. ಮನೆಮಾತು ಮತ್ತು ನಾಡಿನ ಅಭಿಮಾನ ಬೇರೆ ಬೇರೆಯಾಗಿದ್ದೂ ಒಬ್ಬರಲ್ಲೇ ಸುಖವಾಗಿ ಇರಬಲ್ಲವು ಎಂಬುದಕ್ಕೆ ಅವರ ಬದುಕು ಸಾಕ್ಷಿ.

1924ರ ಡಿಸೆಂಬರಿನ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಇದೊಂದೇ. ಅಧಿವೇಶನದ ಜಾಗಕ್ಕೆ ವಿಜಯನಗರವೆಂದೂ ಅಲ್ಲಿ ತೋಡಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟರು. ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಗೀತೆ ಅಲ್ಲಿ ಕೇಳಿಬಂತು. ಎಳೆಯ ಬಾಲಕಿ ಗಂಗೂಬಾಯಿ ಹಾನಗಲ್ಲರು ಗಾಂಧೀಜಿಯ ಎದುರು ಹಾಡಿದರು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದು ಓದುಗರ ಮನಸ್ಸನ್ನು ಹದಮಾಡಿತ್ತು. ಮರೆತುಹೋಗಿದ್ದ ಸಾಮ್ರಾಜ್ಯವೊಂದರ ಹೆಸರು ಈಗ ಭಾರತದ ಮುಂದೆ ಕನ್ನಡಿಗರ ಗುರುತಾಗಿ ನಿಂತಿತು. ಅದೇ ಹೊತ್ತಿಗೆ ಬೆಳಗಾವಿಯಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. 1929ರಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಪತ್ರಿಕೆಗೂ ಬೆಳಗಾವಿಯೇ ತವರು.

ಅದೇ ಬೆಳಗಾವಿಯಲ್ಲಿ 1946ರ ಮರಾಠಿ ಸಾಹಿತ್ಯ ಸಮ್ಮೇಳನ ಗ. ತ್ರ್ಯಂ. ಮಾಡಖೋಲ್ಕರರ ಅಧ್ಯಕ್ಷತೆಯಲ್ಲಿ ನಡೆದು, ಸಂಯುಕ್ತ ಮಹಾರಾಷ್ಟ್ರದ ನಿರ್ಣಯ ಕೈಗೊಂಡಿತು. ಎರಡು ನಾಡುಗಳ ಏಕೀಕರಣದ ಕನಸು ಒಂದೇ ಊರಿನಲ್ಲಿ ಮೊಳೆತದ್ದೇ ಮುಂದಿನ ಎಲ್ಲ ನೋವಿಗೆ ಮೂಲ. ರಾಜ್ಯಗಳ ಮರುವಿಂಗಡಣೆಗಾಗಿ ನೇಮಕವಾದ ಫಜಲ್ ಅಲಿ ಆಯೋಗದ 1955ರ ವರದಿ ಮರಾಠಿ ಬಹುಮತ ಸ್ಪಷ್ಟವಿದ್ದ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯನ್ನು ಕರ್ನಾಟಕಕ್ಕೆ ಕೊಟ್ಟಿತು. 1956ರ ಜನವರಿ 17ರಂದು ಬೆಳಗಾವಿಯಲ್ಲಿ ಗೋಲಿಬಾರು ನಡೆದು ಮರಾಠಿ ಚಳವಳಿಗಾರರು ಸತ್ತರು. ನವೆಂಬರ್ 1ರಂದು ಹೊಸ ರಾಜ್ಯ ಬಂತು.

ಗೆರೆ ಎಳೆದ ಮೇಲೆ

ಗಡಿ ವಿವಾದ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೇರಿ 247 ಹಳ್ಳಿಗಳು ಕರ್ನಾಟಕಕ್ಕೆ ಬರಲಿ, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದಿತು. ಆಯೋಗ ಬೇಕೆಂದು ಕೇಳಿದ್ದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ. ವರದಿ ಜಾರಿಯಾಗಲಿಲ್ಲ. ತನ್ನದೆಂದು ಹೇಳುವ 814 ಹಳ್ಳಿಗಳಿಗಾಗಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಬಗೆಹರಿಯದ ಗಡಿ ಊರಿನ ಪಂಚಾಂಗವನ್ನೇ ಎರಡು ಮಾಡಿತು. ನವೆಂಬರ್ 1ರಂದು ರಾಣಿ ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಮೆರವಣಿಗೆ. ಬೆಂಗಳೂರಿನಲ್ಲೂ ಕಾಣದಷ್ಟು ಜನ, ಹಳದಿ ಕೆಂಪು ಬಾವುಟಗಳ ಹೊಳೆ. ಅದೇ ಬೆಳಗ್ಗೆ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕಪ್ಪು ಪಟ್ಟಿ ಕಟ್ಟಿಕೊಂಡು ಸಂಭಾಜಿ ಉದ್ಯಾನದಿಂದ ಶಹಾಪುರದ ಕಡೆಗೆ ‘ಕಾಳಾ ದಿನ’ದ ಫೇರಿ ಹೊರಡಿಸುತ್ತಾ ಬಂದಿದ್ದಾರೆ. ಜನವರಿ 17 ಅವರಿಗೆ ಹುತಾತ್ಮ ದಿನ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ ವರದಿಯ ನಂತರ ಕನ್ನಡ ಕಡ್ಡಾಯದ ವಿರುದ್ಧ ಎದ್ದ ಚಳವಳಿಯಲ್ಲಿ 1986ರ ಜೂನ್ 1ರಂದು ಮತ್ತೆ ಗೋಲಿಬಾರಾಯಿತು. ಹಿಂಡಲಗಾದಲ್ಲಿ ಅದರ ಸ್ಮಾರಕವಿದೆ. 2005ರಲ್ಲಿ ಮಹಾನಗರ ಪಾಲಿಕೆ ಮಹಾರಾಷ್ಟ್ರ ಸೇರುವ ನಿರ್ಣಯ ಮಾಡಿತು. ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. 2014ರಲ್ಲಿ ಯಳ್ಳೂರಿನ ‘ಮಹಾರಾಷ್ಟ್ರ ರಾಜ್ಯ’ ಎಂಬ ಫಲಕವನ್ನು ತೆಗೆದಾಗ ಪೊಲೀಸರು ಲಾಠಿ ಬೀಸಿದರು. ಕರ್ನಾಟಕದ ಉತ್ತರ ಕಟ್ಟಡದ ರೂಪದಲ್ಲಿ ಬಂತು. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ವಿಧಾನಮಂಡಲ ಅಧಿವೇಶನ ನಡೆಯಿತು, 2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು, 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು.

ಮೂರ್ತಿಗಳ ಸುತ್ತಲೂ ಹೀಗೆಯೇ ಜಗಳ ಹುಟ್ಟಿತು. ಪೀರನವಾಡಿಯಲ್ಲಿ 2020ರಲ್ಲಿ ರಾಯಣ್ಣನ ಮೂರ್ತಿಯ ಜಾಗದ ಬಗ್ಗೆ ತಕರಾರು ಎದ್ದು, ಎರಡೂ ಕಡೆಯ ಹಿರಿಯರು ಕೂತು ರಾಜಿ ಮಾಡಿಕೊಂಡರು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಮೂರ್ತಿಗೆ ಮಸಿ ಬಳಿದದ್ದಕ್ಕೆ ಬೆಳಗಾವಿಯಲ್ಲಿ ರಾಯಣ್ಣನ ಮೂರ್ತಿಗೆ ಹಾನಿಯಾಯಿತು. ಈ ಇಬ್ಬರೂ ವೀರರು ಒಬ್ಬರನ್ನೊಬ್ಬರು ಕಂಡವರೇ ಅಲ್ಲ, ಅವರ ನಡುವೆ ಒಂದೂವರೆ ಶತಮಾನದ ಅಂತರವಿದೆ.

ಇದರ ನಡುವೆಯೇ ಮತದಾರ ಬೇರೆ ದಾರಿ ಹಿಡಿದಿದ್ದಾನೆ. 2013ರಲ್ಲಿ ಖಾನಾಪುರ ಮತ್ತು ಬೆಳಗಾವಿ ದಕ್ಷಿಣದಲ್ಲಿ ಗೆದ್ದಿದ್ದ ಏಕೀಕರಣ ಸಮಿತಿ 2018 ಮತ್ತು 2023ರಲ್ಲಿ ವಿಧಾನಸಭೆಗೆ ಒಬ್ಬರನ್ನೂ ಕಳಿಸಲಿಲ್ಲ. 2021ರಲ್ಲಿ ಪಕ್ಷದ ಚಿಹ್ನೆಯ ಮೇಲೆ ಮೊದಲ ಸಲ ನಡೆದ ಪಾಲಿಕೆ ಚುನಾವಣೆಯಲ್ಲಿ 58ರಲ್ಲಿ 35 ವಾರ್ಡುಗಳು ಭಾರತೀಯ ಜನತಾ ಪಕ್ಷದ ಪಾಲಾದವು. ಇದರಿಂದ ಮರಾಠಿ ಅಭಿಮಾನ ಕರಗಿತೆಂದು ತಿಳಿಯುವುದು ತಪ್ಪು. ಭಾಷೆಯ ಗುರುತಿನ ಜಾಗದಲ್ಲಿ ಧರ್ಮ, ಜಾತಿ, ಅಭಿವೃದ್ಧಿಯ ಮಾತುಗಳು ಮುಂದೆ ಬಂದಿವೆ.

ಬೇರೆಡೆ

ಗಡಿನಾಡುಗಳ ಪಾಡು ಲೋಕದಲ್ಲೆಲ್ಲ ಹೀಗೆಯೇ ಇದೆ. ಫ್ರಾನ್ಸ್ ಮತ್ತು ಜರ್ಮನಿಗಳ ನಡುವಿನ ಆಲ್ಸಾಸ್ 1871ರಿಂದ 1945ರೊಳಗೆ ನಾಲ್ಕು ಸಲ ಕೈ ಬದಲಾಯಿತು. ಪ್ರತಿ ಸಲವೂ ಶಾಲೆಯ ಭಾಷೆ, ಬೀದಿಯ ಹೆಸರು ಬದಲಾದವು. ಕೊನೆಗೆ ಅದರ ಮುಖ್ಯ ನಗರ ಸ್ಟ್ರಾಸ್‌ಬರ್ಗ್ 1949ರಲ್ಲಿ ಯುರೋಪ್ ಮಂಡಳಿಗೆ, ಆಮೇಲೆ ಯುರೋಪಿನ ಸಂಸತ್ತಿಗೆ ನೆಲೆಯಾಯಿತು. ಜಗಳದ ಊರನ್ನೇ ಸಭೆಯ ಊರು ಮಾಡಿದ ಆ ನಿರ್ಧಾರದಿಂದ ನಾವು ಕಲಿಯುವುದಿದೆ.

ನಮ್ಮದೇ ಕಾಸರಗೋಡು ಬೆಳಗಾವಿಯ ತಿರುವುಮುರುವು. ಅಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಬಾಳೆಲ್ಲ ಕರ್ನಾಟಕದೊಡನೆ ಅದರ ವಿಲೀನಕ್ಕಾಗಿ ಹೋರಾಡಿದರು. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಅವರ ಅಳಲು ನಮಗೆ ನ್ಯಾಯವೆನಿಸುವುದಾದರೆ ಖಾನಾಪುರದ ಮರಾಠಿ ತಂದೆತಾಯಿಯ ಅಳಲನ್ನೂ ಅದೇ ಮನಸ್ಸಿನಿಂದ ಕೇಳಬೇಕು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು ಕರ್ನಾಟಕ ಸೇರುವ ಮಾತಾಡಿದ್ದು ಮುಖ್ಯವಾಗಿ ನೀರಿಗಾಗಿ. ಇತ್ತ ಖಾನಾಪುರದ ಮರಾಠಿ ಸೀಮೆಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ, ರಾಮದುರ್ಗ, ಬಾದಾಮಿಯ ಕನ್ನಡ ನೆಲಕ್ಕೆ ನೀರುಣಿಸುತ್ತದೆ.

ರಾಜ್ಯಗಳ ಮರುವಿಂಗಡಣೆಯ ವರ್ಷವೇ ಸಂವಿಧಾನಕ್ಕೆ 7ನೇ ತಿದ್ದುಪಡಿಯಿಂದ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆನ್ನುತ್ತದೆ. ಗೆರೆ ಎಳೆದಾಗ ಆಚೀಚೆ ಉಳಿದವರಿಗೆ ದೇಶ ಕೊಟ್ಟ ಮಾತು ಅದು. ಖಾನಾಪುರದ ಮರಾಠಿ ಶಾಲೆಗೂ ಅಲ್ಲಿನ ಕನ್ನಡ ಶಾಲೆಗೂ, ಜತ್ತ ಮತ್ತು ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೂ ಬೇಕಾದಷ್ಟು ಶಿಕ್ಷಕರನ್ನೂ ಹೊತ್ತಿಗೆ ಸರಿಯಾಗಿ ಪುಸ್ತಕಗಳನ್ನೂ ಒದಗಿಸುವ ಹೊಣೆ ಎರಡೂ ಸರ್ಕಾರಗಳ ಮೇಲಿದೆ. ಅದಕ್ಕೆ ಕೋರ್ಟಿನ ತೀರ್ಪು ಬರುವ ತನಕ ಕಾಯಬೇಕಾಗಿಲ್ಲ.